ಪಿಟೀಲು ಕಾಪಾಡಿದ ನಿಮಗೆ ಧನ್ಯವಾದ

ಪಾರ್ಸೆಲ್ ಕೌಂಟರಿನ ಸಾಲಿನಲ್ಲಿ ನನ್ನ ಹಿಂದೆ ನಿಂತಿದ್ದವರೇ, ಹೆಸರು ಕೇಳುವಷ್ಟರಲ್ಲಿ ನೀವು ಹೊರಟುಹೋಗಿದ್ದಿರಿ. ತಂಗಿಗೆ ಕಳುಹಿಸಿದ ಪಿಟೀಲು ಒಂದು ಗೀರೂ ಇಲ್ಲದೆ ತಲುಪಿದೆ. ಅದರ ಶ್ರೇಯಸ್ಸು ನಿಮಗೇ ಸಲ್ಲಬೇಕು.

“ತಂತಿಗಳನ್ನು ಪೂರ್ತಿ ಸಡಿಲಿಸಬೇಡಿ” ಎಂದು ನೀವು ತಡೆದದ್ದೇ ದೊಡ್ಡ ಉಪಕಾರ. ತಂತಿಗಳನ್ನು ಎತ್ತಿಹಿಡಿಯುವ ‘ಕುದುರೆ’ ಎಂಬ ಮರದ ತುಂಡು ನಿಲ್ಲುವುದು ತಂತಿಗಳ ಒತ್ತಡದಿಂದಲೇ ಹೊರತು ಅಂಟಿನಿಂದಲ್ಲ. ಒಳಗಿರುವ ಪುಟ್ಟ ಮರದ ಕಡ್ಡಿಯೂ ಅಷ್ಟೇ, ಬಿಗಿ ತಪ್ಪಿದರೆ ಉರುಳಿಬೀಳಬಹುದು. ತಂತಿ ಬಿಗಿಯುವ ಬಿರಡೆಗಳನ್ನು ತುಸುವೇ ತಿರುಗಿಸಿ, ಕುದುರೆಯ ಎರಡೂ ಬದಿಗೆ ಮೆತ್ತನೆಯ ಬಟ್ಟೆ ಸೇರಿಸಿದಿರಿ. ಕಮಾನಿನ ಕೂದಲನ್ನೂ ಸಡಿಲಿಸಿದಿರಿ. ಕತ್ತಿನ ಕೆಳಗೆ ಟೊಳ್ಳು ಉಳಿದಿದ್ದನ್ನು ಕಂಡು, ಪೆಟ್ಟಿಗೆ ಬಿದ್ದರೆ ಪೆಟ್ಟು ಅಲ್ಲಿಗೇ ಎನ್ನುತ್ತಾ ನಿಮ್ಮದೇ ಶಾಲನ್ನು ಮಡಚಿ ಇಟ್ಟಿರಲ್ಲ, ಅದನ್ನು ಹೇಗೆ ಮರೆಯಲಿ! ಕೇಸನ್ನು ದೊಡ್ಡ ರಟ್ಟಿನ ಪೆಟ್ಟಿಗೆಯಲ್ಲಿಟ್ಟು, ಸುತ್ತಲೂ ಕಾಗದದ ಉಂಡೆಗಳನ್ನು ತುರುಕಿ, ಅಲುಗಾಡಿಸಿ ಕಿವಿಗೊಟ್ಟು ಕೇಳಿದಿರಿ. ಸದ್ದು ಬಂದಾಗ ಬೇಸರಿಸದೆ ಮತ್ತೆ ಬಿಚ್ಚಿ ತುಂಬಿದಿರಿ. ಸ್ವಂತ ವಾದ್ಯಕ್ಕೂ ಅಷ್ಟು ತಾಳ್ಮೆ ಎಲ್ಲರೂ ತೋರುವುದಿಲ್ಲ.

ಶಾಲು ತಂಗಿಯ ಬಳಿ ಜೋಪಾನವಾಗಿದೆ. ಇದನ್ನು ಓದಿದರೆ ದಯವಿಟ್ಟು ತಿಳಿಸಿ, ಮರಳಿಸುತ್ತೇನೆ. ನಮ್ಮಿಬ್ಬರ ಹೃತ್ಪೂರ್ವಕ ಧನ್ಯವಾದಗಳು.