ಬೆಂಚಿಗೆ ಅಂಟಿಕೊಂಡ ವೀರರು

ಪ್ರೀತಿಯ ಮಗಳೇ,

ಈ ಶನಿವಾರದ ಡಂಜನ್ಸ್ ಅಂಡ್ ಡ್ರ್ಯಾಗನ್ಸ್ ಆಟಕ್ಕೆ ನೀನೇ ಡಿಎಂ ಅಂತೆ, ಅಂದರೆ ಕಥೆ ಹೇಳಿ ಆಟ ನಡೆಸುವ ಡಂಜನ್ ಮಾಸ್ಟರ್. ತುಂಬಾ ಖುಷಿಯಾಯಿತು. "ನಾನು ಬರೆದಿಟ್ಟುಕೊಂಡಿದ್ದನ್ನು ಬಿಟ್ಟು ಅವರು ಬೇರೇನಾದರೂ ಮಾಡಿದರೆ?" ಅಂತ ಕೇಳಿದ್ದೀಯ. ಮಾಡಿದರೆ ಅಲ್ಲ ಕಣೇ, ಮಾಡೇ ಮಾಡುತ್ತಾರೆ. ನಮ್ಮ ಗುಂಪು ಬೆಂಚಿಗೆ ಅಂಟಿಕೊಂಡ ಕಥೆಯನ್ನು ನಿನಗೆ ಪೂರ್ತಿ ಹೇಳಿಲ್ಲ ಅಲ್ವಾ?

ಆಗ ನಾವು ಡಂಜನ್ಸ್ ಅಂಡ್ ಡ್ರ್ಯಾಗನ್ಸ್‌ನ 2014ರ ನಿಯಮಗಳಲ್ಲಿ ಆಡುತ್ತಿದ್ದೆವು. ನಮ್ಮ ಪಾತ್ರಗಳು: ಒಬ್ಬ ಡ್ವಾರ್ಫ್ (ಕುಳ್ಳ ಜನಾಂಗದ) ಫೈಟರ್, ಒಬ್ಬ ಕಳ್ಳ, ಒಬ್ಬಳು ವಿಝರ್ಡ್ (ಮಂತ್ರವಾದಿ), ನಾನು ಕ್ಲೆರಿಕ್ (ಪೂಜಾರಿ). ಹಿಂದಿನ ಆಟದಲ್ಲಿ ನಿಧಿಯ ಪೆಟ್ಟಿಗೆ ಮುಟ್ಟಲು ಹೋದ ಕಳ್ಳನ ಕೈಯನ್ನು ಆ ಪೆಟ್ಟಿಗೆಯೇ ಕಚ್ಚಿತ್ತು. ಮಿಮಿಕ್! ಇದು ಹಳೇ ಪಾಪಿ. ಗ್ಯಾರಿ ಗೈಗ್ಯಾಕ್ಸ್ ಮತ್ತು ಡೇವ್ ಆರ್ನೆಸನ್ ಈ ಆಟವನ್ನು 1974ರಲ್ಲಿ ಹೊರತಂದರು. ಆಟದ ರಾಕ್ಷಸರ ಪುಸ್ತಕವಾದ 1977ರ ಮಾನ್‌ಸ್ಟರ್ ಮ್ಯಾನ್ಯುಯಲ್‌ನಲ್ಲಿ ಮಿಮಿಕ್ ಆಗಲೇ ಹಾಜರ್. ಅಲ್ಲಿಂದ ಇಲ್ಲಿಯವರೆಗೂ ಅದರದ್ದು ಒಂದೇ ಕಸುಬು: ಸಾಮಾನಿನ ವೇಷ ಹಾಕಿ ಕಾಯುವುದು, ಮುಟ್ಟಿದವರನ್ನು ಅಂಟಿಸಿಕೊಳ್ಳುವುದು.

ಒಮ್ಮೆ ಕಚ್ಚಿಸಿಕೊಂಡ ಮೇಲೆ ನಮಗೆ ಎಲ್ಲದರ ಮೇಲೂ ಅನುಮಾನ. ಬಾಗಿಲಿಗೆ ಕೋಲಿನಿಂದ ತಿವಿಯುತ್ತಿದ್ದೆವು. ದೀಪದ ಕಂಬಕ್ಕೆ ಕಲ್ಲು ಎಸೆಯುತ್ತಿದ್ದೆವು. ಡಿಎಂ ಪಾಪ ಏನೂ ಅನ್ನುತ್ತಿರಲಿಲ್ಲ.

ಆವತ್ತು ಒಂದು ಕೋಣೆ. ಮೂಲೆಯಲ್ಲಿ ಪೆಟ್ಟಿಗೆ, ಗೋಡೆ ಪಕ್ಕ ಉದ್ದನೆಯ ಬೆಂಚು, ಎದುರಿಗೆ ಇನ್ನೊಂದು ಬಾಗಿಲು. "ಪೆಟ್ಟಿಗೆ" ಅನ್ನೋ ಮಾತು ಡಿಎಂ ಬಾಯಿಂದ ಬಿದ್ದಿದ್ದೇ ತಡ, ವಿಝರ್ಡ್ ಫೈರ್ ಬೋಲ್ಟ್ ಬಿಟ್ಟಳು. ಡ್ವಾರ್ಫ್ ಕೊಡಲಿ ಬೀಸಿದ. ಪೆಟ್ಟಿಗೆ ಚೂರುಚೂರು. ಡಿಎಂ ತಣ್ಣಗೆ ಹೇಳಿದ: "ಒಳಗೆ ಗಾಜು ಒಡೆದ ಸದ್ದು ಕೇಳುತ್ತದೆ. ಕೆಂಪು ದ್ರವ ನೆಲದ ಮೇಲೆ ಹರಿಯುತ್ತಿದೆ." ಅಷ್ಟೂ ಹೀಲಿಂಗ್ ಪೋಶನ್, ಗಾಯ ಮಾಯಿಸೋ ಔಷಧಿ. ನಮಗೆ ಅಂತಲೇ ಇಟ್ಟಿದ್ದು.

ಎಲ್ಲರ ಹಿಟ್ ಪಾಯಿಂಟ್, ಅಂದರೆ ಉಳಿದ ಜೀವದ ಲೆಕ್ಕ, ಕಡಿಮೆ ಇತ್ತು. ಸರಿ, ಚೇತರಿಸಿಕೊಳ್ಳೋಕೆ ಶಾರ್ಟ್ ರೆಸ್ಟ್ ತೆಗೆದುಕೊಳ್ಳೋಣ ಅಂದೆವು. ಅದಕ್ಕೆ ಕಥೆಯೊಳಗೆ ಕನಿಷ್ಠ ಒಂದು ಗಂಟೆ ಬೇಕು. ನಾನು ಬಾಗಿಲ ಬಳಿ ಕಾವಲು ನಿಂತೆ. "ಉಳಿದವರು ಎಲ್ಲಿ ಕೂರುತ್ತೀರಿ?" ಅಂತ ಕೇಳಿದ ಡಿಎಂ. ಬೆಂಚಿನ ಮೇಲೆ. "ಮೂವರೂನಾ?" ಹೌದು, ಮೂವರೂ. ಡಿಎಂ ಇಂಥ ಪ್ರಶ್ನೆಯನ್ನು ಎರಡು ಸಲ ಕೇಳಿದರೆ ಬುದ್ಧಿ ಇರೋರು ಎದ್ದು ನಿಲ್ಲಬೇಕು. ಇವರು ಇನ್ನೂ ಆರಾಮಾಗಿ ಒರಗಿಕೊಂಡರು.

ಆ ಬೆಂಚೇ ಮಿಮಿಕ್! ಆಮೇಲೆ ನಡೆದದ್ದು ಯುದ್ಧ ಅಲ್ಲ, ರಂಪ. ಮಿಮಿಕ್‌ನಿಂದ ಬಿಡಿಸಿಕೊಳ್ಳಲು ದಾಳದಲ್ಲಿ ಕನಿಷ್ಠ 13 ಮುಟ್ಟಬೇಕು, ಅದೂ ಡಿಸಡ್ವಾಂಟೇಜ್‌ನಲ್ಲಿ. ಅಂದರೆ ಎರಡು ದಾಳ ಹಾಕಿ ಸಣ್ಣದನ್ನೇ ಲೆಕ್ಕಕ್ಕೆ ಹಿಡಿಯಬೇಕು. +3 ಇರುವವನಿಗೆ, ಅಂದರೆ 20 ಮುಖದ ದಾಳದಲ್ಲಿ ಬಿದ್ದಿದ್ದಕ್ಕೆ 3 ಕೂಡಿಸಿಕೊಳ್ಳುವವನಿಗೆ, ಒಂದು ದಾಳದಲ್ಲಿ 55% ಅವಕಾಶ. ಎರಡಾದರೆ ಸುಮಾರು 30%ಗೆ ಇಳಿಯುತ್ತದೆ. ಕಳ್ಳನಿಗೆ ಬಿದ್ದಿದ್ದು 19 ಮತ್ತು 2. ಡ್ವಾರ್ಫ್ ತಾನು ಕೂತಿದ್ದ ಬೆಂಚಿಗೇ ಕೊಡಲಿ ಹಾಕಿದ. ಕೊಡಲಿಯೂ ಅಂಟಿತು.

ಆಗ ಕಳ್ಳ ಕೇಳಿದ ನೋಡು ಪ್ರಶ್ನೆ: "ಅಂಟಿರೋದು ನಾನಾ, ನನ್ನ ಪ್ಯಾಂಟಾ?"

ಆಟ ನಿಂತಿತು. ಚರ್ಚೆ ಶುರು. ಲೆದರ್ ಆರ್ಮರ್ (ಚರ್ಮದ ಕವಚ) ಬಿಚ್ಚಲು 1 ನಿಮಿಷ ಅಂತ ಪುಸ್ತಕ ಹೇಳುತ್ತದೆ. ಒಂದು ರೌಂಡ್ ಅಂದರೆ 6 ಸೆಕೆಂಡ್, ಹಾಗಾಗಿ 10 ರೌಂಡ್ ಬೇಕು. "ಪೂರ್ತಿ ಅಲ್ಲ, ಬರೀ ಪ್ಯಾಂಟು" ಅಂತ ಕಳ್ಳನ ವಾದ. ಪ್ಯಾಂಟಿನ ಬಗ್ಗೆ ಯಾವ ಪುಸ್ತಕದಲ್ಲೂ ನಿಯಮ ಇಲ್ಲ ಮಗಳೇ. ಡಿಎಂ ಒಂದು ಕ್ಷಣ ಯೋಚಿಸಿ ಹೇಳಿದ: "ಸರಿ, ಡೆಕ್ಸ್‌ಟೆರಿಟಿ ರೋಲ್ ಮಾಡು." ಚುರುಕುತನಕ್ಕೆ ದಾಳ ಹಾಕು ಅಂತ. ಬಿದ್ದಿದ್ದು ನ್ಯಾಚುರಲ್ 20, ದಾಳದ ಅತಿ ದೊಡ್ಡ ಅಂಕಿ! ಇಂಥ ಚೆಕ್‌ನಲ್ಲಿ 20 ಬಿದ್ದ ಮಾತ್ರಕ್ಕೆ ಗೆದ್ದಂತಲ್ಲ ಅನ್ನುತ್ತವೆ ನಿಯಮಗಳು. ಅದನ್ನು ಹೇಳೋ ಧೈರ್ಯ ಆ ಗಲಾಟೆಯಲ್ಲಿ ಯಾರಿಗಿತ್ತು? ಕಳ್ಳ ಬರಿಗಾಲಲ್ಲಿ, ಬರಿ ಚಡ್ಡಿಯಲ್ಲಿ ಹೊರಗೆ ಹಾರಿದ.

"ಹಂಗಾದ್ರೆ ನಾನೂ!" ಅಂದ ಡ್ವಾರ್ಫ್. ಅವನದ್ದು ಪ್ಲೇಟ್ ಆರ್ಮರ್, ಮೈತುಂಬ ಲೋಹದ ಕವಚ. ಬಿಚ್ಚಲು 5 ನಿಮಿಷ, ಅಂದರೆ 50 ರೌಂಡ್. ಅವನ ಮುಖ ನೋಡಬೇಕಿತ್ತು ನೀನು.

ಮಿಮಿಕ್‌ಗೆ 58 ಹಿಟ್ ಪಾಯಿಂಟ್. ನಾನು ದೂರದಿಂದ ಸ್ಪೆಲ್ ಬಿಟ್ಟೆ, ಚಡ್ಡಿಯವನು ಬಾಣ ಬಿಟ್ಟ, ಹೇಗೋ ಸಾಯಿಸಿದೆವು. ಎಲ್ಲ ಮುಗಿದ ಮೇಲೆ ವಿಝರ್ಡ್ ತನ್ನ ಪಾತ್ರದ ವಿವರದ ಹಾಳೆ ನೋಡಿಕೊಂಡು ಅಂದಳು: "ಅಯ್ಯೋ, ನನ್ನ ಹತ್ರ ಮಿಸ್ಟಿ ಸ್ಟೆಪ್ ಇತ್ತು." 30 ಅಡಿ ದೂರಕ್ಕೆ ಕಣ್ಣು ಮಿಟುಕಿಸುವಷ್ಟರಲ್ಲಿ ಜಿಗಿಯೋ ಸ್ಪೆಲ್. ಸುಮ್ನೆ ಕೂತು ಏಟು ತಿಂದಿದ್ದಳು.

ಆ ಇನ್ನೊಂದು ಬಾಗಿಲ ಹಿಂದೆ ಡಿಎಂ ಒಂದು ದೆವ್ವ ಇಟ್ಟಿದ್ದನಂತೆ, ಒಗಟಿನ ಪದ್ಯದ ಸಮೇತ. ಆವತ್ತು ನಾವು ಅಲ್ಲಿಗೆ ಹೋಗಲೇ ಇಲ್ಲ. ಅವನು ಬೇಜಾರು ಮಾಡಿಕೊಳ್ಳಲಿಲ್ಲ. ಪದ್ಯವನ್ನು ಎತ್ತಿಟ್ಟುಕೊಂಡು ಇನ್ಯಾವುದೋ ಕೋಟೆಯಲ್ಲಿ ಬಳಸಿದ. ಕಳ್ಳನ ಪ್ಯಾಂಟನ್ನು ಮಾತ್ರ ಮರೆಯಲಿಲ್ಲ. ಮುಂದಿನ ಊರಿನ ಕಾವಲುಗಾರನಿಂದ ಮೊದಲ ಪ್ರಶ್ನೆ ಅದರದ್ದೇ ಕೇಳಿಸಿದ. ನೀನೂ ಹಾಗೆ ಮಾಡು. ಬರೆದಿದ್ದು ಉಳಿದರೆ ಎತ್ತಿಡು, ಅವರ ಎಡವಟ್ಟುಗಳನ್ನು ತಪ್ಪದೆ ಗುರುತು ಹಾಕಿಕೋ.

ಇನ್ನೊಂದು ಮಾತು. ಮಿಮಿಕ್ ಇಡೋದಾದರೆ ಪೆಟ್ಟಿಗೆ ಬೇಡ, ಎಲ್ಲರಿಗೂ ಗೊತ್ತು. ಏಣಿ ಮಾಡಿ ನೋಡು. ಯಾರು ಮೊದಲು ಹತ್ತಿದರು ಅಂತ ಭಾನುವಾರವೇ ಬರೆದು ಕಳಿಸು.

ಇತಿ,
ನಿನ್ನ ಅಮ್ಮ