ನನ್ನ ಸೆಂಟರ್‌ನ್ಯಾಗ ರಿಜಿಸ್ಟರ್ ಐತಿ, ಸರ್ಕಾರದ್ದು ಎಲ್ಲೈತ್ರಿ?

ಕೊಪ್ಪಳ ಲೋಕಸಭಾ ಸದಸ್ಯರಿಗೆ ಬಹಿರಂಗ ಪತ್ರ

ಮಾನ್ಯ ಸಂಸದರಿಗೆ ಶರಣ್ರಿ,

ಕ್ಲೌಡ್ ಕಂಪನಿಗಳಿಗೆ, ಅಂದ್ರ ಮಂದಿ ಫೈಲು ಇಂಟರ್‌ನೆಟ್‌ನ್ಯಾಗ ಇಟ್ಕೊಳ್ಳೋ ಕಂಪನಿಗಳಿಗೆ, ಸರ್ಕಾರ ಎಷ್ಟು ಸಲ ಮಾಹಿತಿ ಕೇಳ್ತು ಅನ್ನೋ ಲೆಕ್ಕ ಮಂದಿ ಮುಂದ ಬರಬೇಕು ಅಂತ ಈ ಪತ್ರ ಬರದೀನಿ. ನಾನು ಕಾರಟಗಿಯಾಗ ಒಂದು ಆನ್‌ಲೈನ್ ಸೆಂಟರ್ ನಡಸ್ತೀನ್ರಿ. ಪಹಣಿ, ಜಾತಿ-ಆದಾಯ ಸರ್ಟಿಫಿಕೇಟ್, ಸ್ಕಾಲರ್‌ಶಿಪ್, ಬೆಳೆ ವಿಮೆ, ಇಂಥವು. ಫೋನ್ ಕಳದ್ರೂ ಕಾಗದಪತ್ರ ಕಳೀಬಾರ್ದು ಅಂತ ಮಂದಿಗೆ ಅವ್ರವ್ರ ಹೆಸರಿಲೆ ಡ್ರೈವ್‌ದಾಗ ಎಲ್ಲಾ ಹಾಕಿ ಕೊಡೋದೂ ನಾನ, ಹಿಂಗಾಗಿ ಭತ್ತ ನಾಟಿ ಮಾಡೋ ಹೆಣ್ಮಗಳ ಪಾಸ್‌ಬುಕ್ಕಿಂದ ಹಿಡದು ಮೊಮ್ಮಗನ ತೊಟ್ಟಿಲ ಫೋಟೋತನಕ ನಮ್ಮೂರಿಂದೆಲ್ಲಾ ಈಗ ಕ್ಲೌಡ್‌ನ್ಯಾಗ ಐತಿ.

ಹೋದ ವರ್ಷ ಮಳಿಗಾಲದಾಗ, ಅಂಗಡಿ ಮುಚ್ಚೋ ಹೊತ್ತಿಗೆ, ಡಿಗ್ರಿ ಓದೋ ಒಬ್ಬ ಹುಡುಗಿ ತಾಯಿ ಜೋಡಿ ಬಂದ್ಲು. ಯಾರೋ ಆಕಿ ಖಾಸಗಿ ಫೋಟೋ ಒಂದು ಕ್ಲೌಡ್ ಫೋಲ್ಡರಿಗೆ ಹಾಕಿ ಲಿಂಕನ್ನ ವಾಟ್ಸಪ್ ಗ್ರೂಪಿಗೆ ಬಿಟ್ಟಿದ್ರು. "ಹ್ಯಾಂಗರ ಮಾಡಿ ತಗಸಪಾ ಅಣ್ಣಾ" ಅಂದ್ರು ತಾಯಿ. ಆಕಿ ಅಂಜಿ ಚಾಟ್ ಅಳಿಸಿದ್ಲು, ಕೈಯಾಗ ಒಂದು ಸ್ಕ್ರೀನ್‌ಶಾಟ್ ಅಷ್ಟ, ಲಿಂಕ್ ಇಲ್ದ ಆ ಕ್ಲೌಡ್ ಕಂಪನಿ ದೂರಿನ ಫಾರ್ಮ್ ಮುಂದಕ್ಕ ಹೋಗಂಗಿಲ್ಲ, ಕಡೀಗೆ ಗೆಳತಿ ಫೋನಿನ್ಯಾಗ ಹುಡುಕಿ ತಂದ್ವಿ. ಫಾರ್ಮ್ ಪೂರಾ ಇಂಗ್ಲಿಷ್, ನಾನ ತುಂಬಿದೆ, ಬಂದಿದ್ದು ಮಷೀನ್ ಉತ್ತರ. 2021ರ ಐಟಿ (ಮಾಹಿತಿ ತಂತ್ರಜ್ಞಾನ) ನಿಯಮದಾಗ ಇಂಥ ಫೋಟೋ ಬಗ್ಗೆ ಆಕಿನ ದೂರು ಕೊಡ್ಲಿ, ಆಕಿ ಪರವಾಗಿ ಬ್ಯಾರೆಯವ್ರು ಕೊಡ್ಲಿ, 24 ಗಂಟೆದಾಗ ತಗೀಬೇಕು ಅಂತ ಆವಾಗ ಇತ್ತು, 2026ರ ಫೆಬ್ರವರಿಯಾಗ ಅದನ್ನ ಎರಡು ಗಂಟೆಗೆ ಇಳಿಸ್ಯಾರ. ನಮಗ ಒಂಬತ್ತು ದಿನ ಹಿಡೀತು. ಆ ಒಂಬತ್ತು ದಿನ ಆ ಹುಡುಗಿ ಕಾಲೇಜ್ ಮೆಟ್ಟಲಾ ಹತ್ತಲಿಲ್ರಿ.

(ಇದನ್ನ ಓದೋ ಹೆಣ್ಮಕ್ಕಳಿಗೆ ಒಂದು ಮಾತು: ಅಂಜಿ ಅಳಿಸಬ್ಯಾಡ್ರಿ, ಮೊದಲ ಪೂರ್ತಿ ಲಿಂಕ್ ಕಾಪಿ ಮಾಡ್ರಿ, ತಾರೀಖು ಟೈಮ್ ಬರಕೊಳ್ರಿ. ರಾಷ್ಟ್ರೀಯ ಸೈಬರ್ ಕ್ರೈಂ ಪೋರ್ಟಲ್‌ನ್ಯಾಗ ಹೆಣ್ಮಕ್ಕಳು, ಸಣ್ಣ ಮಕ್ಕಳ ವಿಷಯಕ್ಕ ಹೆಸರು ಹೇಳ್ದನೂ ದೂರು ಹಾಕಬಹುದು.)

ಪೊಲೀಸರ ಹತ್ರಾನೂ ಹೋದ್ವಿ. ಆ ಫೋಲ್ಡರ್ ಯಾರದು ಅಂತ ಕಂಪನಿಗೆ ನೋಟಿಸ್ ಕೊಟ್ಟು ಕೇಳೋ ಅಧಿಕಾರ ಬಿಎನ್‌ಎಸ್‌ಎಸ್ (ಸಿಆರ್‌ಪಿಸಿ ಜಾಗಕ್ಕ ಬಂದ ಹೊಸ ಕಾನೂನು) 94ನೇ ಸೆಕ್ಷನ್‌ನ್ಯಾಗ ಅವ್ರಿಗೆ ಐತಿ. ಕೇಳಿದ್ರೋ ಇಲ್ಲೋ, ಕಂಪನಿ ಏನಂತೋ, ಇವತ್ತಿನತನಕ ಆ ತಾಯಿಗೆ ಯಾರೂ ಹೇಳಿಲ್ಲ.

ಹಿಂಗಾಗಿ ಸರ್ಕಾರ ಕಂಪನಿಗಳಿಗೆ ಮಾಹಿತಿ ಕೇಳಬಾರ್ದು ಅಂತ ನಾನು ಹೇಳೋದಿಲ್ರಿ, ಇಂಥ ಕೇಸಿನ್ಯಾಗ ಕೇಳಲೇಬೇಕು. ಆದ್ರ ಅದಾ ಬಾಗಿಲಿನಿಂದ ಯಾರ ಫೋಲ್ಡರಿಗೆ ಬೇಕಾದ್ರೂ ಕೈ ಹಾಕಬಹುದಲ್ರಿ. ಅಧಿಕಾರ ಇರೋ ಸರ್ಕಾರಿ ಏಜೆನ್ಸಿ ಬರದು ಕೇಳಿದ್ರ 72 ಗಂಟೆದಾಗ ಕಂಪನಿ ಮಾಹಿತಿ ಕೊಡಬೇಕು ಅಂತ ಅದಾ 2021ರ ನಿಯಮ ಹೇಳ್ತೈತಿ. ಐಟಿ ಕಾಯ್ದೆ 69ನೇ ಸೆಕ್ಷನ್ ಪ್ರಕಾರ ಗೃಹ ಕಾರ್ಯದರ್ಶಿ ಆದೇಶ ಕೊಟ್ರ ಲಾಕ್ ಇದ್ದಿದ್ದನ್ನೂ ತಗಸಬಹುದು. ಅದನ್ನ ಎರಡು ತಿಂಗಳಿಗೊಮ್ಮೆ ನೋಡೋ ಕಮಿಟಿಯಾಗ ಇರೋರೂ ಸರ್ಕಾರದ ಕಾರ್ಯದರ್ಶಿಗಳ, ಒಬ್ಬ ನ್ಯಾಯಾಧೀಶರೂ ಇಲ್ಲ. ಯಾರದು ನೋಡಿದ್ರೋ ಅವ್ರಿಗೆ ಗೊತ್ತಾಗೋ ದಾರಿನೂ ಇಲ್ಲ. ಖಾಸಗಿತನ ಮೂಲಭೂತ ಹಕ್ಕು ಅಂತ 2017ರಾಗ ಸುಪ್ರೀಂ ಕೋರ್ಟಿನ ಒಂಬತ್ತು ನ್ಯಾಯಾಧೀಶರು ಹೇಳಿದ ಆ ಕೇಸ್ ಹಾಕಿದ್ದು ನಮ್ಮ ಕರ್ನಾಟಕ ಹೈಕೋರ್ಟಿನ ನಿವೃತ್ತ ನ್ಯಾಯಮೂರ್ತಿ ಕೆ.ಎಸ್. ಪುಟ್ಟಸ್ವಾಮಿ ಅವ್ರು. ಅದನ್ನ ನಮ್ಮ ಕಡೆಯವ್ರು ಮರೀಬಾರ್ದು.

ಈಗ ನನ್ನ ಸಣ್ಣ ಅಂಗಡಿ ನೋಡ್ರಿ. 2011ರ ಸೈಬರ್ ಕೆಫೆ ನಿಯಮದ ಪ್ರಕಾರ ಕಂಪ್ಯೂಟರ್ ಮುಂದ ಕುಂತವ್ರ ಹೆಸರು, ಗುರುತಿನ ಚೀಟಿ, ಬಂದ ಹೊತ್ತು, ಹೋದ ಹೊತ್ತು ಬರದು ಒಂದು ವರ್ಷ ಇಡಬೇಕು, ಅಧಿಕಾರಿ ಬಂದು ಕೇಳಿದ್ರ ತೋರಿಸಬೇಕು. ಇಟ್ಟೀನಿ, ತೋರಿಸ್ತೀನಿ, ನನಗ ಬ್ಯಾಸರ ಇಲ್ಲ. ಗೂಗಲ್‌ನಂಥ ಕಂಪನಿನೂ ಯಾವ ದೇಶದ ಸರ್ಕಾರ ಎಷ್ಟು ಸಲ ಮಾಹಿತಿ ಕೇಳ್ತು ಅಂತ 2010ರಿಂದ ಪ್ರಕಟ ಮಾಡ್ತೈತಿ. ಕೇಳಿದ ಸರ್ಕಾರನ ತನ್ನ ಲೆಕ್ಕ ಮಂದಿ ಮುಂದ ಇಡೋ ಪದ್ಧತಿ ಮಾತ್ರ ಇಲ್ಲ. ಇದು ನನಗ ಸರಿ ಕಾಣಂಗಿಲ್ರಿ.

ಕೊಪ್ಪಳ ಅಷ್ಟ ಅಲ್ಲ, ಸಿಂಧನೂರು, ಮಸ್ಕಿ, ಸಿರುಗುಪ್ಪದವ್ರೂ ನಿಮಗ ಓಟ್ ಹಾಕ್ಯಾರ, ಮೂರು ಜಿಲ್ಲಾದ ಮಂದಿ ಪರವಾಗಿ ಲೋಕಸಭಾದಾಗ ಕೇಳ್ರಿ: ಒಂದು ವರ್ಷದಾಗ ಕ್ಲೌಡ್ ಕಂಪನಿಗಳಿಗೆ ಕರ್ನಾಟಕದಿಂದ ಎಷ್ಟು ನೋಟಿಸ್ ಹೋದವು, ಎಷ್ಟಕ್ಕ ಉತ್ತರ ಬಂತು, 69ರ ಆದೇಶ ಎಷ್ಟು, ಹೆಣ್ಮಕ್ಕಳ ಫೋಟೋ ದೂರು ಎಷ್ಟು ನಿಯಮದ ಟೈಮಿನ್ಯಾಗ ಮುಗದವು. ಯಾರ ಹೆಸರೂ ಬ್ಯಾಡ, ನಂಬರ್ ಸಾಕು. ಜೊತಿಗೆ ರಿಪೋರ್ಟ್ ಫಾರ್ಮ್ ಕನ್ನಡದಾಗ ಇರಬೇಕು ಅಂತ ಕಂಪನಿಗಳಿಗೆ ಹೇಳಸ್ರಿ, ಇಲ್ಲಂದ್ರ ಕಾರಟಗಿ ಹುಡುಗಿ ತನ್ನ ಸಂಕಟ ಹೇಳಾಕ ನನ್ನಂಥ ಪರಗಂಡಸಿನ ಮುಂದ ಕುಂದ್ರಬೇಕಾಗ್ತೈತಿ. ಆವತ್ತು ಆಕಿ ತಲಿ ಎತ್ತಲಿಲ್ಲ, ನಾನೂ ಸ್ಕ್ರೀನ್ ಬಿಟ್ಟು ಬ್ಯಾರೆ ಕಡೆ ನೋಡಲಿಲ್ಲ.

ಪ್ರಶ್ನೆ ಕೇಳಾಕ ಕನಿಷ್ಠ 15 ದಿನ ಮೊದಲ ನೋಟಿಸ್ ಕೊಡಬೇಕಂತ ಓದೀನಿ. ನಿಮ್ಮ ಆಫೀಸಿನವ್ರು ಹೂಂ ಅಂದ್ರ ನಾಳೆನ ಟೈಪ್ ಮಾಡಿ ತಂದು ಕೊಡ್ತೀನಿ.

ಇಂತಿ,
ನಿಮ್ಮ ಕ್ಷೇತ್ರದ ಒಬ್ಬ ಮತದಾರ, ಕಾರಟಗಿ