ತೈಲದ ಊರಿನ ಜನರ ಬಗ್ಗೆಯೂ ಬರೆಯಿರಿ

ಸಂಪಾದಕರೇ,

ನೈಜೀರಿಯಾದ ಕಚ್ಚಾ ತೈಲವನ್ನು ನಮ್ಮ ದೇಶವೂ ಕೊಳ್ಳುತ್ತದೆ. ಆದರೆ ಬ್ಯಾರೆಲ್ ಬೆಲೆಯದ್ದೇ ಸುದ್ದಿ ಜಾಸ್ತಿ, ಅಲ್ಲಿನ ಜನರ ಪಾಡು ಪತ್ರಿಕೆಗಳಲ್ಲಿ ಬರುವುದು ಅಪರೂಪ. ದಯವಿಟ್ಟು ಅದನ್ನೂ ಬರೆಯಿರಿ.

ಬಾನಿ ನದಿ ದಡದ ಪೋರ್ಟ್ ಹಾರ್ಕೋರ್ಟ್ ನೋಡಿ. ಎನುಗುವಿನ ಕಲ್ಲಿದ್ದಲು ಸಾಗಿಸಲು ಬ್ರಿಟಿಷರು ಕಟ್ಟಿದ ಬಂದರು ಅದು. 1956ರಲ್ಲಿ ಅದೇ ಸೀಮೆಯ ಒಲೊಯಿಬಿರಿ ಎಂಬಲ್ಲಿ ತೈಲ ಸಿಕ್ಕ ಮೇಲೆ ಊರಿನ ದಿಕ್ಕೇ ಬದಲಾಯಿತು. 1967ರಲ್ಲಿ ನೈಜೀರಿಯಾದ ಪೂರ್ವ ಭಾಗ ಬಯಾಫ್ರಾ ಎಂಬ ಬೇರೆ ದೇಶವಾಗಲು ಹೊರಟು ಯುದ್ಧ ಶುರುವಾಯಿತು, ಮರುವರ್ಷ ಮೇ ತಿಂಗಳಲ್ಲಿ ಸರ್ಕಾರಿ ಸೇನೆ ಈ ಊರನ್ನು ಹಿಡಿಯಿತು. ಆಗ ಜೀವ ಉಳಿಸಿಕೊಳ್ಳಲು ಓಡಿದ, ಬಯಾಫ್ರಾದ ಮುಖ್ಯ ಸಮುದಾಯವಾದ ಇಗ್ಬೊ ಜನ, 1970ರಲ್ಲಿ ಯುದ್ಧ ಮುಗಿದು ವಾಪಸ್ ಬರಲು ನೋಡಿದರೆ, ಅವರೇ ಬಿಟ್ಟುಹೋದ ಆಸ್ತಿ ಎಂದು ಲೆಕ್ಕ ಹಾಕಿ ಎಷ್ಟೋ ಮನೆಗಳನ್ನು ಬೇರೆಯವರ ಪಾಲು ಮಾಡಲಾಗಿತ್ತು. ಪ್ರಾಣಭಯದಿಂದ ಓಡಿದವರು ಮನೆಯ ಹಕ್ಕನ್ನೂ ಬಿಟ್ಟುಕೊಟ್ಟಂತಾಯಿತೇ? ಇದು ಅನ್ಯಾಯ ಅಲ್ವಾ?

ತೈಲ ಸೋರಿ ಹಾಳಾದ, ಹತ್ತಿರದ ಒಗೊನಿ ಸಮುದಾಯದ ನೆಲದ ಪರ ದನಿ ಎತ್ತಿದ ಲೇಖಕ ಕೆನ್ ಸಾರೊ-ವಿವಾ ಮತ್ತು ಇನ್ನೂ ಎಂಟು ಜನರನ್ನು 1995ರಲ್ಲಿ ಗಲ್ಲಿಗೇರಿಸಿದ್ದೂ ಇದೇ ಊರಲ್ಲಿ. ಆ ಒಗೊನಿ ನೆಲ ಚೇತರಿಸಿಕೊಳ್ಳಲು 25ರಿಂದ 30 ವರ್ಷ ಬೇಕಾಗಬಹುದು ಎಂದು ವಿಶ್ವಸಂಸ್ಥೆಯ ಪರಿಸರ ವಿಭಾಗ 2011ರಲ್ಲಿ ಹೇಳಿತು. ಕುಡಿಯುವ ನೀರಿನ ಬಾವಿಗಳಲ್ಲೂ ಕ್ಯಾನ್ಸರ್ ತರಬಲ್ಲ ಬೆಂಜೀನ್ ಎಂಬ ರಾಸಾಯನಿಕ ಸಿಕ್ಕಿತ್ತು.

— ಒಬ್ಬ ಓದುಗ